ಜನ ತುಂಬಿದ ಬಸ್ಸಿನಲ್ಲಿ ಒಂದೇ ಖಾಲಿ ಸೀಟು

ನಾನು ಬ್ಲೌಸ್ ಹೊಲಿಯುವವಳು, ಕಥೆ ಹೊಲಿಯುವವಳಲ್ಲ. ದೆವ್ವ ಗಿವ್ವ ಅಂದವರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಕಳೆದ ದೀಪಾವಳಿ ರಜೆಯಲ್ಲಿ ಆ ಬಸ್ಸಿನಲ್ಲಿ ನಡೆದದ್ದಕ್ಕೆ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆದಾಗಿನಿಂದ ನಾನೂ ನಮ್ಮ ಪಕ್ಕದ ಮನೆಯ ರತ್ನಳೂ ರಜೆ ಬಂದರೆ ಸಾಕು, ಚಿತ್ರಾನ್ನ ಕಟ್ಟಿಕೊಂಡು ಕೆಂಪಾಪುರದಿಂದ ಹೊರಟುಬಿಡುತ್ತಿದ್ದೆವು. ಆಧಾರ್ ಕಾರ್ಡ್ ಒಂದಿದ್ದರೆ ಯಾವ ಊರಾದರೂ ನಮ್ಮದೇ. ಒಮ್ಮೆ ತುಮಕೂರಿನಲ್ಲಿ ನಾನು ಕಿಟಕಿಯಿಂದ ಬ್ಯಾಗ್ ಎಸೆದು ಹಿಡಿದ ಸೀಟನ್ನು ಆ ಪುಣ್ಯಾತ್ಗಿತ್ತಿ ಯಾರೋ ಬಸುರಿಗೆ ಬಿಟ್ಟುಕೊಟ್ಟಳು. ಇಡೀ ಬಸ್ಸಿನ ಎದುರು ಅವಳನ್ನು ಬಾಯಿಗೆ ಬಂದಂತೆ ಬೈದೆ. ಅವಳು ಮಾತು ಬಿಟ್ಟಳು. ನನಗೂ ಹಟ. ಮೂರು ತಿಂಗಳು ಗೋಡೆಯಾಚೆ ಅವಳ ಕೆಮ್ಮು ಕೇಳಿಸುತ್ತಿತ್ತು, ಹೋಗಿ ನೋಡಲಿಲ್ಲ. ಒಂದು ಬೆಳಿಗ್ಗೆ ಕೆಮ್ಮು ನಿಂತಿತ್ತು... ತಪ್ಪಾಯಿತು ಅನ್ನೋಣವೆಂದರೆ ಅವಳೇ ಇರಲಿಲ್ಲ.

ಆ ದೀಪಾವಳಿಗೆ ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಯಾಕಾದರೂ ಹೋದೆನೋ! ಮಾತಾಡಲು ಯಾರೂ ಇಲ್ಲದೆ ತಂದ ಬುತ್ತಿಯೂ ಸೇರಲಿಲ್ಲ. ವಾಪಸ್ ಹೊರಟಾಗ ಏಳು ಗಂಟೆ, ಪೂರ್ತಿ ಕತ್ತಲು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನನಗೆ ಹೇಗೋ ಕಿಟಕಿ ಪಕ್ಕ ಸಿಕ್ಕಿತ್ತು. ನನ್ನ ಪಕ್ಕದ ಸೀಟು ಮಾತ್ರ ಖಾಲಿ.

ಸೀಟಿಗಾಗಿ ಜುಟ್ಟು ಹಿಡಿದು ಜಗಳವಾಡುವ ಬಸ್ಸು ಅದು. ಅಲ್ಲಿ ಒಬ್ಬರೂ ಕೂರುತ್ತಿಲ್ಲ! ಕಂಬಿ ಹಿಡಿದು ಜೋಲಾಡುತ್ತಿದ್ದ ಹೆಂಗಸೊಬ್ಬಳಿಗೆ, "ಬಾಮ್ಮಾ, ಕೂತ್ಕೋ" ಎಂದೆ.

"ಎಲ್ಲಿ ಕೂರ್ಲಿ ಅಕ್ಕಾ, ನಿಮ್ ತೊಡೆ ಮೇಲಾ?" ಎಂದು ನಕ್ಕಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ದೇವನಹಳ್ಳಿ ದಾಟಿದ ಮೇಲೆ ಕಂಡಕ್ಟರ್ ನುಸುಳಿಕೊಂಡು ಬಂದು ನನ್ನ ಕೈಗೆ ಎರಡು ಫ್ರೀ ಟಿಕೆಟ್ ಇಟ್ಟ.

"ನಾನೊಬ್ಳೇ ಕಣಪ್ಪಾ."

"ಒಂದು ನಿಮ್ ಪಕ್ಕದವರ್ದು ಅಮ್ಮಾ. ಅವ್ರು ಆಧಾರ್ ಆಗ್ಲೇ ತೋರ್ಸಿದ್ರು."

ತಟ್ಟನೆ ತಿರುಗಿದೆ. ಆಗಲೇ ಮೂಗಿಗೆ ಬಡಿಯಿತು... ನೀಲಗಿರಿ ಎಣ್ಣೆಯ ವಾಸನೆ. ಕೆಮ್ಮಿಗೆಂದು ರತ್ನ ಎದೆಗೆ ತಿಕ್ಕಿಕೊಳ್ಳುತ್ತಿದ್ದದ್ದು. ಕೈಯನ್ನು ಪಕ್ಕಕ್ಕೆ ಚಾಚಿದೆ. ತಣ್ಣನೆಯ ರೆಕ್ಸಿನ್ ಬಿಟ್ಟರೆ ಅಲ್ಲಿ ಏನೂ ಇಲ್ಲ.

ಕಿಟಕಿಗೆ ಅಂಟಿಕೊಂಡು ಕೂತೆ. ಯಲಹಂಕ ಬಂತು, ಹೋಯಿತು. ಇನ್ನೇನು ಹೆಬ್ಬಾಳ, ನಾನು ಇಳಿಯಬೇಕು. ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು.

"ರತ್ನಾ..." ತುಟಿ ಅಲ್ಲಾಡದಂತೆ ಅಂದೆ. "ನಂದೇ ತಪ್ಪು ಕಣೇ. ಬಂದು ನೋಡ್ಬೇಕಿತ್ತು. ಒಂದೇ ಒಂದ್ ಮಾತಾಡೇ."

ಎಂಜಿನ್ನಿನ ಗುರುಗುರು ಬಿಟ್ಟರೆ ಏನೂ ಕೇಳಿಸಲಿಲ್ಲ.

ಕಂಬಿ ಹಿಡಿದಿದ್ದ ಆ ಹೆಂಗಸು ನನ್ನತ್ತ ಬಗ್ಗಿದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಅವ್ರಿಗೆ ಏನಂದ್ರಿ ಅಕ್ಕಾ? ಪಾಪ, ಹೆಂಗ್ ಅಳ್ತಿದಾರೆ ನೋಡಿ..."

ನೋಡಿದೆ. ಕಣ್ಣು ಕಿತ್ತುಬರುವ ಹಾಗೆ ನೋಡಿದೆ. ನನಗೆ ಕಂಡದ್ದು ಖಾಲಿ ಸೀಟು.

ಹೆಬ್ಬಾಳ ಬಂತು. "ಬಾರೇ, ಮನೆಗೋಗೋಣ" ಎಂದು ಪಿಸುಗುಟ್ಟಿ, ಜನರ ನಡುವೆ ದಾರಿ ಬಿಡಿಸಿಕೊಂಡು ಇಳಿದು ಬಾಗಿಲಲ್ಲೇ ನಿಂತೆ. ಕಂಡಕ್ಟರ್ ಒಳಗೆ ತಿರುಗಿ, ಯಾರದೋ ಮಾತಿಗೆ ತಲೆಯಾಡಿಸಿ, ನನ್ನತ್ತ ನೋಡಿದ.

"ಅವ್ರು ಇಳಿಯಲ್ವಂತೆ ಅಮ್ಮಾ. ನೀವು ಹೋಗ್ಬೇಕಂತೆ."

ಸೀಟಿ ಊದಿದ. ಬಸ್ ಹೊರಟುಹೋಯಿತು.

ಕೆಂಪಾಪುರದವರೆಗೆ ಒಬ್ಬಳೇ ಅಳುತ್ತಾ ನಡೆದೆ. ಬಸ್ಸಿನ ಜನಕ್ಕೆಲ್ಲ ಕಂಡವಳು ನನಗೊಬ್ಬಳಿಗೆ ಕಾಣಲಿಲ್ಲ. ಅವಳು ಅತ್ತದ್ದು ನನ್ನನ್ನು ಕ್ಷಮಿಸಿಯೋ, ಕ್ಷಮಿಸಲಾರದೆಯೋ... ಯಾರನ್ನು ಕೇಳಲಿ?