ಅವ್ವ ಫೋನ್ ಹಚ್ಚದ ಭಾನುವಾರ

ಡೆನ್ಮಾರ್ಕಿನ ಆ ಕೊಲೆ ಧಾರಾವಾಹಿಗೆ ಕನ್ನಡ ಮಾತು ಕೊಟ್ಟವನು ನಾನು. ಕೇಳುವವಳು ಒಬ್ಬಳೇ: ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತ ಅವ್ವ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅವಳಿಗೆ ಬಾರದು; ನನಗೆ ಅರ್ಧ ಬರುತ್ತದೆ, ಉಳಿದರ್ಧ ಕಟ್ಟಿ ಹೇಳುತ್ತಿದ್ದೆ. ಮೇಲಧಿಕಾರಿಗೆ ಕೂಡ್ಲಿಗಿ ಮಾವನ ಸೀನುವ ದನಿ. ಕೊಲೆಗಾರನಿಗೆ ನನ್ನದೇ ದನಿ. ಬೇರೆ ಯಾರದು ಕೊಟ್ಟಿದ್ದರೂ ಮನೆಗೆ ಬಂದು ಬಾರಿಸುತ್ತಿದ್ದರು. ನಾಯಕಿ ಪೊಲೀಸಮ್ಮನಿಗೆ ಮಾತ್ರ, ಯೋಚಿಸದೆ, ಅಕ್ಕನ ದನಿ ಹಾಕಿಬಿಟ್ಟೆ. ಅಕ್ಕ ಹರಪನಹಳ್ಳಿಯಲ್ಲಿ ಪೊಲೀಸ್ ಪೇದೆ.

ಅಲ್ಲಿಂದ ಅವ್ವನ ಗೋಳು ಶುರು. ಆ ಪೊಲೀಸಮ್ಮ ನಿಂತಲ್ಲೇ ಒಣ ಬ್ರೆಡ್ ಕಚ್ಚಿ ಓಡುವವಳು. ಆ ಊರಿನಲ್ಲಿ ಯಾರೂ ಯಾರನ್ನೂ ಊಟವಾಯಿತೇ ಎಂದು ಕೇಳುವುದಿಲ್ಲ. “ಒಂದು ತುತ್ತು ಬಿಸೀದು ಉಂಡಿಲ್ಲ ಆಕಿ,” ಎಂದು ಅವ್ವ ಕಣ್ಣೊರೆಸಿಕೊಂಡ ಮೇಲೆ, ಧಾರಾವಾಹಿಯ ಫೋನ್ ಮಾತುಗಳಿಗೆಲ್ಲ ನಾನೇ “ಊಟ ಆತೇನವಾ?” ಸೇರಿಸತೊಡಗಿದೆ. ಕಂತು ಮುಗಿದೊಡನೆ ಅವ್ವ ಅಕ್ಕನಿಗೆ ಫೋನ್ ಹಚ್ಚಿ ಅದನ್ನೇ ಕೇಳುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಪೊಲೀಸಮ್ಮ ಒಬ್ಬಳೇ ಪಾಳು ಗೋದಾಮೊಂದನ್ನು ಹೊಕ್ಕಳು. ಕತ್ತಲೆಯಲ್ಲಿ ಪೆಟ್ಟಿಗೆಗಳ ಹಿಂದೆ ಅಡಗಿದಳು. ಕೊಲೆಗಾರ ಹತ್ತಿರದಲ್ಲೇ ಹುಡುಕುತ್ತಿದ್ದ. ಅಷ್ಟರಲ್ಲಿ ಅವಳ ಕಿಸೆಯ ಫೋನ್ ಬಡಿದುಕೊಂಡಿತು. ಅವನು ತಿರುಗಿದ.

“ಯಾರಲೇ ಅದು, ಈಗ ಫೋನ್ ಮಾಡೋರು?” ಅವ್ವ ಚೀರಿದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಇನ್ಯಾರು, ನಿನ್ನಂಥಾಕಿ ಅವರವ್ವ. ಊಟ ಆತೇನು ಅಂತ ಕೇಳಾಕ.”

ಗುಂಡಿನ ಸದ್ದಾಯಿತು, ಕಂತು ಮುಗಿಯಿತು. ಅವ್ವ ನಗಲಿಲ್ಲ. ಅಕ್ಕನಿಗೆ ಫೋನೂ ಹಚ್ಚಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತುಬಿಟ್ಟಳು.

“ಹಚ್ಚವಾ, ಮಾತಾಡು.”

“ಬ್ಯಾಡ. ಎಲ್ಲಿ ಅಡಗ್ಯಾಳೋ ಏನೋ.”

“ಆಕಿ ಬಸ್‌ಸ್ಟ್ಯಾಂಡ್ ಮುಂದ ನಡುದಾರ್ಯಾಗ ನಿಂತು ಕೈ ತೋರ್ಸಿ ಗಾಡಿ ಬಿಡಾಕತ್ತಿರ್ತಾಳ. ಅಲ್ಲೆಲ್ಲಿ ಅಡಗ್ತಾಳ?”

ಹೇಳಿದೆನೇ ಹೊರತು ನಾನೂ ಹಚ್ಚಲಿಲ್ಲ. ನನ್ನ ಫೋನ್ ತೆಗೆದೆ, ಮತ್ತೆ ಒಳಗಿಟ್ಟೆ. ಮುಂದಿನ ಕಂತು ಹಾಕಲೂ ಧೈರ್ಯ ಬರಲಿಲ್ಲ. ಪೊಲೀಸಮ್ಮ ಸತ್ತಿದ್ದರೆ, ಅಕ್ಕನ ದನಿಯಲ್ಲಿ ನರಳಬೇಕಾದವನು ನಾನು.

ಹೊತ್ತಿಳಿಯುವಾಗ ಸೆರಗಿನೊಳಗೆ ಫೋನ್ ಗುಂಯ್ ಎಂದಿತು. ಅವ್ವ ಅದನ್ನು ನನಗೆ ದಾಟಿಸಿದಳು.

“ಯಾಕವಾ, ಇವತ್ತು ಫೋನೇ ಇಲ್ಲ?” ಅಕ್ಕನದೇ ದನಿ, ನನ್ನ ನಕಲಿಗಿಂತ ಒರಟು. “ಆರಾಮ ಅದೀ ಇಲ್ಲೋ? ನನಗ ಕೈಕಾಲ ಆಡವಲ್ದು.”

ನಾನು ಅವ್ವನ ದನಿ ತೆಗೆದೆ: “ಊಟ ಆತೇನವಾ?”

“ಲೇ ಮಂಗ್ಯಾ, ಅವ್ವಗ ಕೊಡು.”

ಅವ್ವ ಫೋನನ್ನು ಕಿವಿಗೊತ್ತಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಪಿಸುಗುಟ್ಟಿದಳು: “ಸಣ್ಣಕ ಮಾತಾಡು. ಹತ್ರ ಯಾರರ ಅದಾರೇನು?”