ಕೆರೆ ಮೀನು ಕೊಯ್ದು ನೋಡಿದ ಮೇಡಂ

ಮೊನ್ನೆ ಹಾಸನದ ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಹೊಟ್ಟೆಯಿಂದ ತೆಗೆದ ಗಂಟಿನ ಚೂರನ್ನು ಪುಟ್ಟ ಬಾಟಲಿಗೆ ಹಾಕಿ, ಲ್ಯಾಬಿಗೆ ಕೊಟ್ಟು ಬನ್ನಿ ಎಂದು ನರ್ಸ್ ನನ್ನ ಕೈಗಿತ್ತರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮೆಟ್ಟಿಲಿಳಿಯುವಾಗ, ಚೂರು ಕೆಡದಂತೆ ಹಾಕಿದ್ದ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಎಂ.ಎಸ್ಸಿ. ಓದುವಾಗ ನನ್ನ ಬಟ್ಟೆಗೆ, ಕೂದಲಿಗೆ, ಊಟದ ಡಬ್ಬಿಗೂ ಇದೇ ವಾಸನೆ ಹತ್ತಿತ್ತು... ನಮ್ಮ ಮೇಡಂ ಪಕ್ಕ ನಿಂತರೂ ಇದೇ ವಾಸನೆ.

ಮೇಡಂ ಹೊಳೆನರಸೀಪುರದ ಕಡೆಯ ಒಕ್ಕಲು ಮನೆತನದವರು. ನಮಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು. ಮೀನು ಸಾರು ಎಂದರೆ ಅವರಿಗೆ ಪ್ರಾಣ. ಹಾಸನದ ಹೊರಗಿನ ಕೆರೆಯೊಂದಕ್ಕೆ ಪೇಟೆಯ ಚರಂಡಿ ನೀರು ಬಂದು ಬೀಳುತ್ತಿತ್ತು. ಅಲ್ಲಿನ ಮೀನುಗಳ ಒಳಗೆ ಏನಾಗಿದೆ ಎಂದು ನೋಡುವ ಕೆಲಸವನ್ನು ಅವರು ಹಿಡಿದಿದ್ದರು, ಜೊತೆಗೆ ನಾನಿದ್ದೆ. ಹೋಲಿಸಿ ನೋಡಲು ಗೊರೂರಿನ ಹಿನ್ನೀರಿನ ಮೀನು ತರುತ್ತಿದ್ದೆವು. ಕೆರೆಯಲ್ಲಿ ನಮಗೆ ಮೀನು ಹಿಡಿದುಕೊಡುತ್ತಿದ್ದುದು ದಡದಲ್ಲೇ ಇದ್ದ ಒಂದು ಕುಟುಂಬ. ಆ ಮನೆಯಾಕೆ ಮೇಡಂಗೆಂದೇ ಒಂದು ದಪ್ಪ ಜಿಲೇಬಿ ಮೀನನ್ನು ಬೇರೆ ಎತ್ತಿಡುತ್ತಿದ್ದಳು. ಮೇಡಂ ಅದನ್ನು ಮನೆಗೊಯ್ದು ಸಾರು ಮಾಡುತ್ತಿದ್ದರು.

ಕಿವಿರು, ಈಲಿ ಅಂದರೆ ಲಿವರಿನ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಗೊರೂರಿನ ಮೀನಿನ ಕಿವಿರು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿತ್ತು. ಕೆರೆ ಮೀನಿನದು ಊದಿಕೊಂಡು ಒಂದಕ್ಕೊಂದು ಅಂಟಿತ್ತು. ಈಲಿಯ ತುಂಬ ತೂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುವ ಮೀನು. ಮೇಡಂ ಬಹಳ ಹೊತ್ತು ಕಣ್ಣು ಕೀಳಲಿಲ್ಲ.

ಮೊದಲು ನಗರಸಭೆ ಕಚೇರಿಗೆ ಹೋದೆವು. ಮಳೆಗಾಲದಲ್ಲಿ ಪರೀಕ್ಷೆ ಮಾಡಿಸಿದ ನೀರು ಸರಿಯಾಗಿಯೇ ಇದೆ ಎಂದರು ಅಲ್ಲಿನ ಅಧಿಕಾರಿ.

"ನೀರು ಇವತ್ತಿನದು ಹೇಳುತ್ತೆ ಸಾರ್. ಮೀನು ಹುಟ್ಟಿದಾಗಿನಿಂದ ಅನುಭವಿಸಿದ್ದು ಹೇಳುತ್ತೆ" ಎಂದರು ಮೇಡಂ. ಅಧಿಕಾರಿ ಕಾಫಿ ತರಿಸಿದರು, ಅಷ್ಟೇ.

ಅಲ್ಲಿಂದ ನೇರ ಕೆರೆ ದಡಕ್ಕೆ ಹೋದೆವು. ಮೀನು ಎತ್ತಿಡುತ್ತಿದ್ದ ಆ ಮನೆಯಾಕೆಯ ಸೊಸೆ ತುಂಬು ಬಸುರಿ, ನೆರಳಲ್ಲಿ ಕೂತು ಬಲೆ ಬಿಡಿಸುತ್ತಿದ್ದಳು. ಈ ಮೀನು ತಿನ್ನಬೇಡಿ, ಮಾರಬೇಡಿ ಎಂದು ಮೇಡಂ ಮೆತ್ತಗೆ ಹೇಳಿದರು.

"ಅಂಗಾರೆ ಇಷ್ಟ್ ದಿನ ತಿಂದಿದ್ದು?" ಎಂದಳು ಅತ್ತೆ.

"ಮೀನಿಗೆ ಏನಾಗಿದೆ ಅಂತ ಗೊತ್ತು ಕಣಕ್ಕ. ನಮಗೇನಾಗುತ್ತೆ ಅಂತ ಗೊತ್ತಿಲ್ಲ."

ಮಾತು ಸಂತೆಗೆ ಹೋಯಿತು. ಕೆರೆ ಮೀನು ಎಂದರೆ ಜನ ಬುಟ್ಟಿಯ ಹತ್ತಿರವೂ ಬರದಾದರು. ಚರಂಡಿ ಮಾತ್ರ ಹರಿಯುತ್ತಲೇ ಇತ್ತು. ಅಷ್ಟರಲ್ಲಿ ಆ ಸೊಸೆಗೆ ಹೆರಿಗೆಯಾಯಿತು. ಮಗು ಉಸಿರಾಡಲೇ ಇಲ್ಲ.

ಕೆರೆ ಉಳಿಸಬೇಕೆಂದು ಓಡಾಡುತ್ತಿದ್ದವರು ಮೇಡಂ ಬಳಿ ಬಂದರು. ಮಗು ಸತ್ತಿದ್ದು ಮೀನಿನಿಂದಲೇ ಎಂದು ಒಂದು ಮಾತು ಹೇಳಿಬಿಡಿ, ಚರಂಡಿ ತಾನಾಗಿ ನಿಲ್ಲುತ್ತದೆ ಎಂದರು. ತಾನು ನೋಡಿದ್ದು ಮೀನನ್ನು, ಮಗುವನ್ನಲ್ಲ ಎಂದು ಮೇಡಂ ಒಪ್ಪಲಿಲ್ಲ. ಅವರು ಬೈದುಕೊಂಡು ಹೋದರು.

ಆಮೇಲೆ ಒಂದು ದಿನ ಆ ಅತ್ತೆಯೇ ಬಂದಳು. ಲ್ಯಾಬಿನ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

"ಮೀನಿಂದ್ಲಾ ಮೇಡಮ್ಮೋರೆ? ಊಂ ಅಂತಾನಾರ ಯೋಳಿ, ಇಲ್ಲ ಅಂತಾನಾರ ಯೋಳಿ."

"ಗೊತ್ತಿಲ್ಲ ಅಕ್ಕ."

"ನಾನೇ ಬಡಿಸ್ತಿದ್ದೆ ಅವ್ಳಿಗೆ. ಬಸ್ರಿ ಹೆಂಗ್ಸು, ಎಲ್ಡ್ ತುಂಡು ಜಾಸ್ತಿ ತಿನ್ಲಿ ಅಂತ..."

ಮೇಡಂ ಎದ್ದು ಅವಳ ಕೈ ಹಿಡಿಯಲು ಹೋದರು. ಅವಳು ಕೈ ಎಳೆದುಕೊಂಡು ಹೊರಟುಹೋದಳು. ತಿಂಗಳೊಪ್ಪತ್ತಿನಲ್ಲಿ ಆ ಕುಟುಂಬ ಗುಡಿಸಲು ಕಿತ್ತು, ಗೊರೂರಿನಲ್ಲಿ ಯಾರದೋ ತೆಪ್ಪಕ್ಕೆ ಕೂಲಿಗೆ ಹೋಯಿತೆಂದು ಕೇಳಿದೆವು.

ಅದರ ಬಗ್ಗೆ ಮೇಡಂ ಮತ್ತೆ ಮಾತಾಡಿದ್ದು ಒಂದೇ ಸಲ, ಸ್ಲೈಡುಗಳನ್ನು ಒರೆಸುತ್ತ. "ಇಲ್ಲ ಅಂದಿದ್ರೆ ಅವಳಿಗೆ ನಿದ್ದೆಯಾದ್ರೂ ಬರ್ತಿತ್ತು. ಹೌದು ಅಂದಿದ್ರೆ ಚರಂಡಿ ನಿಲ್ತಿತ್ತೇನೋ."

ಆಮೇಲೆ ಮೇಡಂ ವರ್ಗವಾಗಿ ಹೋದರು. ನಾಲ್ಕಾರು ಸಲ ಫೋನಿನಲ್ಲಿ ಮಾತಾಡಿದೆವು... ಆಮೇಲೆ ಅದೂ ನಿಂತಿತು. ಕಾಯಿಲೆಯಿಂದ ತೀರಿಕೊಂಡರೆಂದು ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಯಾವ ಕಾಯಿಲೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಹಿಂತಿರುಗುವಾಗ ಅದೇ ಕೆರೆಯ ಏರಿಯ ಮೇಲೆ ಬಂದೆ. ಹೊಸದಾಗಿ ಬೇಲಿ ಹಾಕಿದ್ದಾರೆ, ನಡೆದಾಡಲು ದಾರಿ ಮಾಡಿದ್ದಾರೆ. ಒಂದು ತುದಿಯಲ್ಲಿ ಯಾರೋ ಕೆರೆಯಿಂದ ಆಗಷ್ಟೇ ಹಿಡಿದ ಜಿಲೇಬಿ ಮೀನನ್ನು ಟಬ್ಬಿನಲ್ಲಿ ಇಟ್ಟುಕೊಂಡು ಮಾರುತ್ತಿದ್ದರು. ಸ್ಕೂಟರ್ ನಿಲ್ಲಿಸಿದವರು ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡಿ, ಒಪ್ಪಿ, ಕೊಯ್ಯಿಸಿಕೊಂಡು ಹೋಗುತ್ತಿದ್ದರು.