ಲಗ್ನಪತ್ರಿಕಿಯ ಹಿಂಬದಿ

ಇದು ಖರೇ ನಡದದ್ದು. ಕೇಳಿದವರು ಮೊದಲ ನಗ್ತಾರ, ಆಮ್ಯಾಲ "ನಿಮಗ ನಿದ್ದಿ ಕಮ್ಮಿ ಆಗೇತಿ, ಡಾಕ್ಟರಿಗೆ ತೋರಸ್ರಿ" ಅಂತಾರ. ನಂಬ್ರಿ ಅಂತ ನಾ ಯಾರ ಕಾಲೂ ಹಿಡಿಯಾಕಿ ಅಲ್ಲ. ಒಡಹುಟ್ಟಿದಾಕಿನ ನನ್ನ ಮಾತು ನಂಬಲಿಲ್ಲ, ಇನ್ನ ನೀವು ನಂಬಿದ್ರೇನು, ಬಿಟ್ರೇನು. ಆದ್ರ ದೀಪ ಮುಟ್ಟಿ ಹೇಳು ಅಂದ್ರೂ ಇದನ್ನ ಹಿಂಗ ಹೇಳ್ತೀನಿ.

ನಾವು ಮನ್ಯಾಗ ಮೂರು ಮಂದಿ. ಅವ್ವ, ನಾನು, ನನ್ನ ತಂಗಿ ಸುಮಿ. ಅಪ್ಪ ರೈಲ್ವೇದಾಗಿದ್ದ. ಗದಗಿನಿಂದ ವರ್ಗ ಆಗಿ ನಾಗಪುರಕ್ಕ ಬಂದ, ಇಲ್ಲೇ ಉಳದ, ಇಲ್ಲೇ ತೀರಿಕೊಂಡ. ಅವ ಹೋದ ಮ್ಯಾಲ ಧರಮಪೇಠದ ಒಂದು ಹಳೇ ಮನ್ಯಾಗ ಬಾಡಿಗಿಗೆ ಬಂದ್ವಿ. ನಾನು ಹಿಂಗಣಾದ ಒಂದು ಫ್ಯಾಕ್ಟರಿಯೊಳಗ ಪ್ಯಾಕಿಂಗ್ ಕೆಲಸ ನೋಡ್ಕೋತೀನಿ. ಸುಮಿ ಮನಿ ಹತ್ರದ ಕ್ಲಿನಿಕ್ಕಿನ್ಯಾಗ ಫಿಜಿಯೋಥೆರಪಿ ಮಾಡ್ತಿದ್ಲು. ನನಗ ಲಗ್ನ ಆಗಿಲ್ಲ. ಇದನ್ನ ಈಗ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಎಲ್ಲಾರೂ ಎಲ್ಲಾನೂ ಇದಕ್ಕ ತಂದು ಗಂಟು ಹಾಕಿದ್ರು.

ಸುಮೀಗೆ ಬೆಳಗಾವಿ ಕಡೆ ಗಂಡು ಗೊತ್ತಾಗಿತ್ತು. ಚಲೋ ಹುಡುಗ. ಲಗ್ನಪತ್ರಿಕಿ ಅಚ್ಚಾಗಿ ಬಂದಿದ್ವು. ಅವ್ವ ಚಾಪಿ ಹಾಸಿಕೊಂಡು ಕೂತು, ಒಂದೊಂದು ಪತ್ರಿಕಿಯ ನಾಕೂ ಮೂಲಿಗೆ ತನ್ನ ಕೈಯಾರೆ ಅರಿಶಿಣ ಹಚ್ಚಿದ್ಲು. "ಸುಮಿ ಹ್ವಾದ ಮ್ಯಾಲ ನನಗ ಯಾರವಾ" ಅಂತ ನಡುನಡುವ ಕಣ್ಣು ಒರಸ್ಕೋತಿದ್ಲು. ನಾ ಅಲ್ಲೇ ಎದುರಿಗೆ ಕೂತಿದ್ದೆ. ನಾನೂ ಒಬ್ಬಾಕಿ ಮಗಳದೀನಿ ಅಂತ ಬಾಯಿತನಕ ಬಂತು, ನುಂಗಿದೆ. ಎಲ್ಲಾ ತಾಯಂದಿರೂ ಹಂಗ ಅಳ್ತಾರ ಅನ್ಕೊಂಡೆ.

ಮರುವಾರ ಬೀಗರ ಫೋನ್ ಬಂತು. "ಹುಡುಗೀಗೆ ಮೂರ್ಛಿ ಬರ್ತೈತಂತ, ಯಾಕ ಮುಚ್ಚಿಟ್ರಿ? ನಿಮ್ಮ ಊರಿಂದ ಒಬ್ಬ ಹೆಣ್ಮಗಳು ಫೋನ್ ಮಾಡಿ ಹೇಳಿದ್ಲು. ಹೆಸರು ಹೇಳಲಿಲ್ಲ. ಕನ್ನಡದಾಗ ಮಾತಾಡಿದ್ಲು." ಅಷ್ಟ. ಲಗ್ನ ಮುರೀತು.

ಸುಮೀಗೆ ಸಣ್ಣಾಕಿದ್ದಾಗ ಎರಡು ಸಲ ಮೂರ್ಛಿ ಬಂದಿದ್ದು ಖರೇ. ಔಷಧ ಆತು, ವಾಸಿ ಆತು, ಮತ್ತ ಬಂದಿಲ್ಲ. ಅಪ್ಪ ಹೋದ ಮ್ಯಾಲ ಆ ವಿಷಯ ಗೊತ್ತಿದ್ದವರು ಈ ಭೂಮಿ ಮ್ಯಾಲ ಮೂರ ಮಂದಿ. ಸುಮಿ, ಅವ್ವ, ನಾನು.

ಅವ್ವ ಊಟ ಬಿಟ್ಟು ಗ್ವಾಡಿಗೆ ಹಣಿ ಬಡಕೊಂಡು ಅತ್ತಳು. ನಾ ಅಳಲಿಲ್ಲ. ನನಗ ಸಿಟ್ಟು ಬಂದ್ರ ಅಳು ಬರಂಗಿಲ್ಲ, ಹುಟ್ಟು ಗುಣ ಅದು. ಆದ್ರ ಮನಿಗೆ ಬಂದ ಹೆಂಗಸರು ಯಾರ ಕಣ್ಣಾಗ ನೀರಿಲ್ಲ ಅಂತ ನೋಡ್ಕೊಂಡ ಹೋದ್ರು.

ಉಳಿದ ಪತ್ರಿಕಿ ಟ್ರಂಕಿನ್ಯಾಗ ಬಿದ್ದಿದ್ವು. ದಪ್ಪ ಕಾಗದ, ಹಿಂಬದಿ ಖಾಲಿ. ಒಂದಿನ ನಾ ಫ್ಯಾಕ್ಟರಿಯಿಂದ ಬರೋದ್ರಾಗ ಸುಮಿ ಅದರಾಗಿನ ಕೆಲವು ಕತ್ತರಿಸಿ ಇಸ್ಪೀಟ್ ಎಲಿ ಅಷ್ಟಷ್ಟು ಮಾಡಿ, ಹಿಂದ ಸ್ಕೆಚ್ ಪೆನ್ನಿನ್ಯಾಗ ಚಿತ್ರ ಬರ್ಕೋತ ಕೂತಿದ್ಲು. ದುಂಡು, ಪ್ಲಸ್, ನೀರಿನ ತೆರಿ, ಚೌಕ, ಚಿಕ್ಕಿ. ಐದು ಚಿಹ್ನಿ, ಒಂದೊಂದೂ ಐದೈದು.

"ಇದೇನ ಹೊಸ ಹುಚ್ಚು?" ಅಂದೆ.

"ಮನಸ್ಸಿನ ಶಕ್ತಿ ಬೆಳಸೋದು. ಮೊಬೈಲ್‌ನ್ಯಾಗ ನೋಡಿದೆ. ಒಬ್ರು ಕಾರ್ಡು ನೋಡ್ಬೇಕು, ಇನ್ನೊಬ್ರು ನೋಡದ ಹೇಳ್ಬೇಕು. ದಿನಾ ಮಾಡಿದ್ರ ಪಳಗ್ತೈತಿ."

"ಪಳಗಿ ಏನ ಮಾಡಾಕಿ?"

ಆಕಿ ತಲಿ ಎತ್ತಲಿಲ್ಲ. "ಯಾರು ಫೋನ್ ಮಾಡಿದ್ರು ಅಂತ ತಿಳ್ಕೋಬೇಕು ಅಕ್ಕಾ. ಅದಷ್ಟ ಬೇಕು ನನಗ."

ಏನ ಹೇಳ್ಬೇಕಿತ್ತು ನಾನು? ಹೂಂ ಅಂದೆ. ಹೂಂ ಅಂದದ್ದಕ್ಕ ಇವತ್ತಿಗೂ ಅನುಭವಿಸಾಕತ್ತೀನಿ.

ದಿನಾ ಸಂಜಿ ಊಟ ಆದ ಮ್ಯಾಲ ಹಾಲ್‌ನ್ಯಾಗ ಕೂಡ್ತಿದ್ವಿ. ಸುಮಿ ಗ್ವಾಡಿ ಕಡೆ ಮಾರಿ ಮಾಡಿ, ಕಣ್ಣು ಮುಚ್ಚಿ. ನಾ ಆಕೀ ಬೆನ್ನ ಹಿಂದ, ಕಾರ್ಡು ಒಂದೊಂದ ಎತ್ತಿ ನೋಡ್ಕೋತ. ನನ್ನ ಹಿಂದ ಮಂಚದ ಮ್ಯಾಲ ಅವ್ವ. ಆಕೀಗೆ ಹಲ್ಲಿಲ್ಲ, ಸಣ್ಣ ಕುಟ್ಟಾಣಿಯೊಳಗ ಎಲಿ ಅಡಕಿ ಕುಟಗೋತ ಕೂಡ್ತಿದ್ಲು. ಟಕ್... ಟಕ್... ಟಕ್... ಆ ಸಪ್ಪಳ ಬಿಟ್ರ ಕೂಲರಿಂದು ಗುಂಯ್ ಅನ್ನೋ ಸಪ್ಪಳ, ಅದರ ತಟ್ಟಿಯ ಹಸಿ ಲಾವಂಚದ ವಾಸನಿ. ನಾಗಪುರದ ಬ್ಯಾಸಿಗಿ ರಾತ್ರಿ ಅಂದ್ರ ಇಷ್ಟ.

ಮೊದಲ ದಿನ ನಾಕೋ ಐದೋ ಬರೋಬರ್ ಬಂದ್ವು. ಅಷ್ಟು ಯಾರು ಹೇಳಿದ್ರೂ ಬರ್ತಾವ. ಆದ್ರ ದಿನ ಹೋದಂಗ ಹೆಚ್ಚಾಗ್ಕೋತ ಹೋತು. ಒಂದಿನ ಸಾಲಾಗಿ ಹತ್ತು ಹೇಳಿದ್ಲು. "ತೆರಿ... ತೆರಿ... ಚಿಕ್ಕಿ... ದುಂಡು..." ತಡೀಲಿಲ್ಲ, ಯೋಚನೀನೂ ಮಾಡಲಿಲ್ಲ.

ಮೋಸ ಇರ್ಬೇಕು ಅನಿಸ್ತು. ಪತ್ರಿಕಿಗೆ ಹಚ್ಚಿದ ಅರಿಶಿಣ ಇನ್ನೂ ಅಂಚಿನ್ಯಾಗ ಇತ್ತಲ್ಲ. ಆ ಕಲಿ ಗುರುತು ಇಟ್ಕೊಂಡಾಳ ಅನ್ಕೊಂಡೆ. ಆದ್ರ ಗ್ವಾಡಿ ಕಡೆ ಮಾರಿ ಮಾಡಿದಾಕೀಗೆ ಕಲಿ ಹೆಂಗ ಕಾಣಬೇಕು? ಕಣ್ಣಿಗೆ ಟಾವೆಲ್ ಕಟ್ಟಿ ನೋಡಿದೆ, ಒಳಗಿನ ಖೋಲಿಯೊಳಗ ಕೂಡಿಸಿ ನೋಡಿದೆ. ಮತ್ತೂ ಬರೋಬರ್ ಹೇಳಿದ್ಲು.

ಒಂದ ಒಂದು ಸಂಜಿ ಮಾತ್ರ ಎಲ್ಲಾ ತಪ್ಪಿತು. ಅವತ್ತು ಅವ್ವ ಬಾಜೂಮನಿಗೆ ಭಜನಿಗೆ ಹೋಗಿದ್ಲು. ಸುಮಿ ಬ್ಯಾಸರ ಮಾಡ್ಕೊಂಡು, "ಅಕ್ಕಾ, ಇವತ್ತು ನಿನ್ನ ಮನಸ್ಸು ಇಲ್ಲೆ ಇಲ್ಲ" ಅಂದ್ಲು. ಫ್ಯಾಕ್ಟರಿಯೊಳಗ ಜಗಳ ಆಗಿತ್ತು, ಅದಕ್ಕ ಇರಬೇಕು ಅಂತ ನಾನೂ ಒಪ್ಪಿದೆ. ಅಷ್ಟು ಕುರುಡಿದ್ದೆ ನೋಡ್ರಿ.

ಆ ರಾತ್ರಿ ಬಂತು...

ಸೆಖಿ ವಿಪರೀತ ಇತ್ತು. ಅರ್ಧ ಕಾರ್ಡು ಮುಗದಿದ್ವು, ಒಂದೂ ತಪ್ಪಿರಲಿಲ್ಲ. ಅಷ್ಟರಾಗ ಲೈಟ್ ಹೋತು. ಕೂಲರ್ ಗುಂಯ್ ಅನ್ನೋದು ನಿಂತು, ಒಳಗ ನೀರು ತೊಟ್ಟಿಕ್ಕೋದು ಕೇಳಾಕ ಹತ್ತಿತು. ಹಿಂದ ಅವ್ವನ ಕುಟ್ಟಾಣಿ. ಟಕ್... ಟಕ್...

ಮೋಂಬತ್ತಿಗೆ ಏಳಬೇಕಂದೆ. "ಏಳಬ್ಯಾಡ" ಅಂದ್ಲು ಸುಮಿ, ಕತ್ತಲದಾಗ. "ಇವತ್ತು ಚಲೋ ಹತ್ತೇತಿ. ಕಾರ್ಡು ಬಿಡು. ಆ ಫೋನಿಂದು ನೆನಸ್ಕೋ. ಯಾರು ಮಾಡಿದ್ರು, ಅದಷ್ಟ."

"ನನಗ ಗೊತ್ತಿದ್ರ ಅಲ್ಲೇನ ಸುಮಿ ನೆನಸ್ಕೊಳ್ಳೋದು?"

"ಸುಮ್ನ ಕೂಡು ಅಕ್ಕಾ."

ಕೂತೆ. ಖರೇ ಹೇಳ್ತೀನಿ, ನನ್ನ ತಲ್ಯಾಗ ಏನೂ ಇರಲಿಲ್ಲ. ಬೆವರು ಬೆನ್ನಾಗ ಇಳಿಯೋದು ಒಂದು ಗೊತ್ತಾಗ್ತಿತ್ತು.

ಎಷ್ಟೋ ಹೊತ್ತಿನ ಮ್ಯಾಲ ಸುಮಿ ಮಾತಾಡಾಕ ಶುರು ಮಾಡಿದ್ಲು. ದನಿ ಆಕೀದ. ಆದ್ರ ಹಂಗ ಆಕಿ ಎಂದೂ ಮಾತಾಡಿದಾಕಿ ಅಲ್ಲ.

"ನಮಸ್ಕಾರ್ರಿ... ನನ್ನ ಹೆಸರು ಬ್ಯಾಡ್ರಿ... ನಿಮ್ಮ ಮನಿತನದ ಹಿತಕ್ಕ ಹೇಳಾಕತ್ತೀನಿ... ಹುಡುಗೀಗೆ ಮೂರ್ಛಿ ಬರ್ತೈತ್ರಿ... ನಾಳೆ ನಿಮ್ಮ ಮಗನ ತಾಟಿನ ಮುಂದ ಬಿದ್ದು ಹೊಳ್ಳಾಡಿದ್ರ, ನೋಡಾಕ ಆಗಂಗಿಲ್ರಿ ನಿಮಗ..."

ಹಸಿ ಅರಿಶಿಣದ ವಾಸನಿ ಬಂತು. ಒಣಗಿ ತಿಂಗಳುಗಟ್ಟಲೆ ಆಗಿದ್ದ ಕಾರ್ಡು ಅವು. ಈಗ ತೇದು ಹಚ್ಚಿದಂಗ ಘಮ್ ಅಂತ ಮೂಗಿಗೆ ಬಡೀತು... ಆಮ್ಯಾಲ ಇನ್ನೊಂದು ಗೊತ್ತಾತು. ಕುಟ್ಟಾಣಿ ನಿಂತಿತ್ತು.

ಲೈಟ್ ಬಂತು. ಸುಮಿ ನನ್ನ ಕಡೆ ತಿರುಗಿದ್ದಳು. ಅಷ್ಟು ವರ್ಷ ನಾ ಜಡಿ ಹಾಕಿ, ಬುತ್ತಿ ಕಟ್ಟಿ ಸಾಲಿಗೆ ಕಳಿಸಿದ ಹುಡುಗಿ... ನನ್ನ ಹಂಗ ನೋಡ್ತಾಳ ಅಂತ ಕನಸಿನ್ಯಾಗೂ ಅನ್ಕೊಂಡಿರಲಿಲ್ಲ.

"ಇದು ನಿನ್ನ ತಲ್ಯಾಗಿಂದ ಬಂತು ಅಕ್ಕಾ."

"ಹುಚ್ಚದಿಯೇನ? ನನ್ನ ತಲ್ಯಾಗ ಏನೂ ಇರಲಿಲ್ಲ."

"ಎಲ್ಲಾ ಕಾರ್ಡೂ ನಿನ್ನ ತಲ್ಯಾಗಿಂದ ಬಂದಾವ. ಇದೊಂದು ಎಲ್ಲಿಂದ ಬರ್ತೈತಿ?"

ಅವ್ವನ ಕಡೆ ನೋಡಿದೆ. ಅಕ್ಕ ಹಂಗ ಮಾಡಾಕಿ ಅಲ್ಲ ಅಂತ ಒಂದು ಮಾತು ಹೇಳ್ತಾಳ ಅಂತ ಕಾದೆ. ಅವ್ವ ಕುಟ್ಟಾಣಿಯೊಳಗಿಂದು ತಗದು ಬಾಯಿಗೆ ಹಾಕ್ಕೊಂಡು, ಸಾವಕಾಶ ಅಂದ್ಲು: "ಬಿಡವಾ ಸುಮಿ. ಅಕ್ಕ ಏನ ಮಾಡಿದ್ರೂ ನಿನ್ನ ಹಿತಕ್ಕ ಮಾಡಿರ್ತಾಳ."

ಆ ಒಂದು ಮಾತು ನನ್ನ ಮುಗಿಸ್ತು. ಬೈದಿದ್ರ ತಿರುಗಿ ಬೈತಿದ್ದೆ.

ಮುಂಜಾನೆ ಸುಮಿ ಬೆಳಗಾವಿಗೆ ಫೋನ್ ಹಚ್ಚಿದ್ಲು, ಸ್ಪೀಕರ್ ಮ್ಯಾಲ ಇಟ್ಟು. ಹುಡುಗನ ಅಪ್ಪಗ ಆ ಮಾತು ಇದ್ದದ್ದು ಇದ್ದಂಗ ಒಪ್ಪಿಸಿದ್ಲು. ಅವರು ಕೇಳಿದ್ರು, "ಇದ ಮಾತು... ತಾಟಿನ ಮುಂದ ಅಂದದ್ದೂ ಇದ... ನಿಮಗ ಯಾರು ಹೇಳಿದ್ರವಾ?"

ಆಣಿ ಮಾಡಿದೆ, ಒದರ್ಯಾಡಿದೆ. ಯಾರು ಕೇಳ್ತಾರ? ಲಗ್ನ ಆಗದ ಅಕ್ಕ, ತಂಗಿ ಲಗ್ನ ಮುರದ್ಲು. ಈ ಕಥಿ ಜನಕ್ಕ ಭಾಳ ರುಚಿ. ಸುಮಿ ಪೂನಾದಾಗ ಕೆಲಸ ಹುಡಿಕೊಂಡು ಹೋದ್ಲು. ಬಟ್ಟಿ ಎಷ್ಟೋ ಇಲ್ಲೇ ಬಿಟ್ಲು, ಕಾರ್ಡು ಮಾತ್ರ ಒಂದೂ ಬಿಡದಂಗ ಒಯ್ದ್ಲು. ನನ್ನ ಫೋನ್ ಎತ್ತಂಗಿಲ್ಲ. ಅವ್ವನ ಕೂಡ ಹಬ್ಬಕ್ಕೊಮ್ಮೆ ಮಾತಾಡ್ತಾಳ.

ಆಕಿ ಹ್ವಾದ ಮ್ಯಾಲ ಖಾಲಿ ಹಾಲ್‌ನ್ಯಾಗ ಕೂತಾಗ ನನಗ ಹೊಳೀತು. ಕಾರ್ಡು ನೋಡ್ತಿದ್ದಾಕಿ ನಾನು ಒಬ್ಬಾಕಿನ ಅಲ್ಲ. ನನ್ನ ಹೆಗಲ ಹಿಂದಿಂದ ಅವ್ವನೂ ನೋಡ್ತಿದ್ಲು. ಸುಮೀನ್ನ ಒಳಗಿನ ಖೋಲಿಯೊಳಗ ಕೂಡಿಸಿದಾಗೂ ಅವ್ವ ನನ್ನ ಬೆನ್ನ ಹಿಂದ ಮಂಚದ ಮ್ಯಾಲ ಕೂತಿದ್ಲು. ಆಕಿ ಇಲ್ಲದ ಒಂದ ಒಂದು ಸಂಜಿ ಎಲ್ಲಾ ತಪ್ಪಿತ್ತು.

ಊಟಕ್ಕ ಕೂತಾಗ ಕೇಳಿದೆ. "ಅವ್ವಾ, ಬೆಳಗಾವಿಗೆ ಫೋನ್ ಮಾಡಿದಾಕಿ ನೀನ ಏನು?"

"ಅನ್ನ ಹಾಕು" ಅಂದ್ಲು.

"ನಿನಗ ಕೇಳಾಕತ್ತೀನಿ."

"ಸಾರು ಆರತೈತಿ, ಹಾಕು."

ಹಾಕಿದೆ. ಸುಮೀಗೆ ಹೇಳಬೇಕಂತ ಎಷ್ಟೋ ಸಲ ಮೆಸೇಜ್ ಬರದು ಅಳಿಸೀನಿ. ತನ್ನ ತಪ್ಪು ಮುದುಕಿ ಮ್ಯಾಲ ಹಾಕಾಕತ್ತಾಳ ಅಂತ ಅನ್ನೂದಿಲ್ಲೇನು?

ಕಥಿ ಇಲ್ಲಿಗೆ ಮುಗದಿದ್ರ ಇದನ್ನ ಯಾರಿಗೂ ಹೇಳ್ತಿರಲಿಲ್ಲ. ಮನಿ ಜಗಳ ಅಂತ ಬಿಡ್ತಿದ್ದೆ.

ಮಳಿಗಾಲ ಮುಗಿಯೋ ಹೊತ್ತಿಗೆ ಅವ್ವ ನಿದ್ದಿಯೊಳಗ ಮಾತಾಡಾಕ ಹತ್ತಿದ್ಲು. ಮೊದಲ ದಿನ ಕನಸು ಬಿದ್ದಿರಬೇಕು ಅಂತ ಮಗ್ಗಲು ಬದಲಿಸಿದೆ. ಎರಡನೇ ದಿನ ಕಿವಿಗೊಟ್ಟು ಕೇಳಿದೆ.

"ತೆರಿ... ಚೌಕ... ಚೌಕ... ಚಿಕ್ಕಿ..."

ನಡುವ ಅಷ್ಟಷ್ಟ ಬಿಡುವು. ಒಂದು ಕಾರ್ಡು ಇಟ್ಟು ಇನ್ನೊಂದು ಎತ್ತಾಕ ಎಷ್ಟು ಹೊತ್ತು ಬೇಕೋ ಅಷ್ಟ. ಇಪ್ಪತ್ತೈದೂ ಮುಗದ ಮ್ಯಾಲ ಸುಮ್ನಾಗ್ತಿದ್ಲು. ಅಲ್ಲಿ ಪೂನಾದಾಗ, ಯಾವುದೋ ಖೋಲಿಯೊಳಗ, ಸುಮಿ ಒಬ್ಬಾಕಿನ ಕೂತು ಕಾರ್ಡು ಎತ್ತಾಕತ್ತಾಳ. ಇಲ್ಲಿ ಅವ್ವ ಹೇಳಾಕತ್ತಾಳ. ಹಂಗಂತ ನನಗ್ಯಾರೂ ಹೇಳಿಲ್ಲ. ಆದ್ರ ಆ ಬಿಡುವು ನನಗ ಗೊತ್ತು, ಎಷ್ಟು ರಾತ್ರಿ ನಾನ ಎತ್ತಿ ಇಟ್ಟೀನಿ.

ರಾತ್ರಿಗೊಮ್ಮೆ ಇದ ನಡೀತು. ನಾ ಬಾಜೂಕ ಕಣ್ಣು ತೆರಕೊಂಡು ಬಿದ್ದಿರ್ತಿದ್ದೆ. ಅಂಜಿಕಿ ಇತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಅಂಜಿಕಿಗಿಂತ ಹೆಚ್ಚು ಒಂದು ಆಸೆ ಇತ್ತು. ಸುಮಿ ಒಂದಿಲ್ಲೊಂದು ರಾತ್ರಿ ಕಾರ್ಡು ಬಿಟ್ಟು ಆ ಪ್ರಶ್ನಿ ಮತ್ತ ಕೇಳ್ತಾಳ. ಅವತ್ತು ನನ್ನ ಮ್ಯಾಲಿನ ಕಲಿ ಹೋಗ್ತೈತಿ ಅಂತ.

ದೀಪಾವಳಿ ಹಿಂದಿನ ವಾರ ಅದು ಆತು. ಅವ್ವ "ದುಂಡು" ಅಂದು ನಿಲ್ಲಿಸಿದ್ಲು. ಬಿಡುವು ಮುಗೀತು, ಮುಂದಿಂದು ಹೇಳಲಿಲ್ಲ. ಉಸುರು ಹೆಚ್ಚಾತು. ಅರಿಶಿಣದ ವಾಸನಿ ಖೋಲಿ ತುಂಬ ಬಂತು. ಮನ್ಯಾಗ ಆ ಪತ್ರಿಕಿ ಒಂದೂ ಉಳದಿರಲಿಲ್ಲ, ಟ್ರಂಕಿನ್ಯಾಗ ಇದ್ದವನ್ನ ನಾನ ಸುಟ್ಟಿದ್ದೆ.

ಆಮ್ಯಾಲ ಅವ್ವ, ಕಣ್ಣು ಮುಚ್ಚಿಕೊಂಡ, ಸ್ಪಷ್ಟ ಅಂದ್ಲು: "ನಾನ... ನಾನ ಮಾಡಿದ್ನವಾ..."

ನನ್ನ ಫೋನ್ ಬೆಳಕಾತು. ಸುಮೀ ಹೆಸರು. ಒಂದ ರಿಂಗು... ಕೈ ಹಾಕೋದ್ರಾಗ ಕಟ್ ಆತು. ತಿರುಗಿ ಹಚ್ಚಿದೆ, ಸ್ವಿಚ್ ಆಫ್.

ಅವತ್ತಿನಿಂದ ಅವ್ವ ನಿದ್ದಿಯೊಳಗ ಒಂದು ಚಿಹ್ನೀನೂ ಹೇಳಿಲ್ಲ. ಅಂದ್ರ ಅಲ್ಲಿ ಕಾರ್ಡು ಎತ್ತೋದು ನಿಂತೈತಿ. ತನಗ ಬೇಕಾದ ಉತ್ತರ ಸುಮೀಗೆ ಸಿಕ್ಕೈತಿ.

ಈ ದೀಪಾವಳಿಗೂ ಆಕಿ ಅವ್ವಗ ಫೋನ್ ಮಾಡಿದ್ಲು. ಊಟ ಆತೇನು, ಮೊಣಕಾಲು ಹೆಂಗದಾವ ಅಂತ ಬಾಳೊತ್ತು ಕೇಳಿದ್ಲು. ನಾ ಅಡಗಿಮನಿ ಬಾಗಲಾಗ ನಿಂತು, ನನ್ನ ಹೆಸರು ಬರ್ತೈತೇನು ಅಂತ ಕಾದೆ. ಬರಲಿಲ್ಲ. ಅವ್ವ ಫೋನ್ ಇಟ್ಟು, ಕುಟ್ಟಾಣಿ ಮುಂದ ಎಳ್ಕೊಂಡ್ಲು. ನನ್ನ ನೋಡದ ಅಂದ್ಲು, "ಆಕೀಗೆ ಎಲ್ಲಾ ಗೊತ್ತೈತಿ. ನೀ ಕಾಯಬ್ಯಾಡ."

ನಾ ಕಾಯಾಕತ್ತೀನಿ ಅಂತ ಯಾರಿಗೂ ಹೇಳಿರಲಿಲ್ಲ.